ರೋಬರ್ಟ್ ವಿಟ್ಟೆಕ್: ಸ್ಲೊವಾಕಿಯಾದ ಸ್ಟ್ರೈಕರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2010ರ ವಿಶ್ವಕಪ್‌ನಲ್ಲಿ ಇಟಲಿ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದ್ದು ನಿಮಗೆ ನೆನಪಿರಬಹುದು. ಇಟಲಿಯನ್ನು ಮನೆಗೆ ಕಳಿಸಿದ ಆಟಗಾರನ ಹೆಸರು ಮಾತ್ರ ಹೆಚ್ಚಿನವರಿಗೆ ನೆನಪಿಲ್ಲ. ಅವರೇ ರೋಬರ್ಟ್ ವಿಟ್ಟೆಕ್. ಫುಟ್‌ಬಾಲ್ ಮಾತು ಬಂದಾಗಲೆಲ್ಲ ನಾನು ಈ ಹೆಸರು ಎತ್ತುತ್ತೇನೆ. ಆಗ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ವಿಟ್ಟೆಕ್ ಯಾರು? ಚಿಕ್ಕದಾಗಿ ಹೇಳಿ.

ಸ್ಲೊವಾಕಿಯಾದ ಸ್ಟ್ರೈಕರ್. ಅಂದರೆ ಗೋಲು ಹೊಡೆಯುವುದೇ ಕೆಲಸವಾಗಿರುವ ಮುಂಚೂಣಿ ಆಟಗಾರ. ಹುಟ್ಟಿದ್ದು 1982ರ ಏಪ್ರಿಲ್ 1ರಂದು, ಬ್ರಾಟಿಸ್ಲಾವಾದಲ್ಲಿ. ಊರಿನ ಕ್ಲಬ್ ಸ್ಲೊವಾನ್‌ನಲ್ಲಿ ಆಟ ಶುರು. ಅಲ್ಲಿಂದ ಜರ್ಮನಿಯ ನ್ಯೂರೆಂಬರ್ಗ್, ಫ್ರಾನ್ಸಿನ ಲೀಲ್, ಟರ್ಕಿಯ ಅಂಕಾರಾಗುಜು, ಆಮೇಲೆ ಟ್ರಾಬ್ಜಾನ್‌ಸ್ಪೋರ್. ಕೊನೆಯಲ್ಲಿ ಮತ್ತೆ ಸ್ಲೊವಾನ್. ಹಂಗೇರಿಯ ಡೆಬ್ರೆಟ್ಸೆನ್‌ನಲ್ಲೂ ಸ್ವಲ್ಪ ಕಾಲ ಆಡಿದರು. ದೇಶಕ್ಕಾಗಿ 82 ಪಂದ್ಯ, 23 ಗೋಲು. ಆ 23ರಲ್ಲಿ ನಾಲ್ಕು ವಿಶ್ವಕಪ್‌ನಲ್ಲಿ ಬಂದವು.

ಅವರು ಬೆಳೆದ ಕ್ಲಬ್ ಎಂಥದ್ದು?

ಸ್ಲೊವಾನ್ ಬ್ರಾಟಿಸ್ಲಾವಾ ಸ್ಲೊವಾಕಿಯಾದ ದೊಡ್ಡ ಮನೆ ಇದ್ದ ಹಾಗೆ. ಅವರ ಅಂಗಿ ತಿಳಿನೀಲಿ. ಮೈದಾನದ ಹೆಸರು ತೆಹೆಲ್ನೆ ಪೋಲೆ. ಈ ಹೆಸರಿನ ಅರ್ಥ ಇಟ್ಟಿಗೆ ಬಯಲು. ಮೊದಲು ಅಲ್ಲಿ ಇಟ್ಟಿಗೆ ಸುಡುತ್ತಿದ್ದರು.

ಈ ಕ್ಲಬ್‌ನ ಇತಿಹಾಸದಲ್ಲಿ ಒಂದು ರಾತ್ರಿಯನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ. 1969ರ ಮೇ 21, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಯುರೋಪಿನ ದೇಶಗಳಲ್ಲಿ ಕಪ್ ಗೆದ್ದ ಕ್ಲಬ್‌ಗಳು ಆಡುತ್ತಿದ್ದ ಕಪ್ ವಿನ್ನರ್ಸ್ ಕಪ್‌ನ ಫೈನಲ್‌ನಲ್ಲಿ ಸ್ಲೊವಾನ್ ತಂಡ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿತು. ಅದಕ್ಕೂ ಒಂಬತ್ತು ತಿಂಗಳ ಹಿಂದೆಯಷ್ಟೇ ಸೋವಿಯತ್ ಟ್ಯಾಂಕುಗಳು ಆ ದೇಶಕ್ಕೆ ನುಗ್ಗಿದ್ದವು. ಆ ಗೆಲುವು ಅಲ್ಲಿನ ಜನಕ್ಕೆ ಎಷ್ಟು ಬೇಕಾಗಿತ್ತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕಥೆಗಳ ಮೈದಾನದಲ್ಲಿ ಬೆಳೆದ ಹುಡುಗ ವಿಟ್ಟೆಕ್. ಇಪ್ಪತ್ತು ತುಂಬುವ ಮೊದಲೇ ಮೊದಲ ತಂಡ ಸೇರಿದರು. 2001ರಲ್ಲಿ ರಾಷ್ಟ್ರೀಯ ತಂಡದ ಬಾಗಿಲೂ ತೆರೆಯಿತು.

ಸ್ಲೊವಾಕಿಯಾ ಅಂದರೆ ಹಳೆಯ ಚೆಕೊಸ್ಲೊವಾಕಿಯಾ ಅಲ್ವಾ? 1976ರಲ್ಲಿ ಯೂರೋ ಗೆದ್ದಿದ್ದು ಇವರೇ ಅಲ್ವಾ?

ಅರ್ಧ ಸರಿ. 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ಶಾಂತಿಯಿಂದ ಎರಡು ದೇಶವಾಯಿತು. 1976ರ ಯೂರೋ, ಅಂದರೆ ಯುರೋಪಿನ ದೇಶಗಳ ಚಾಂಪಿಯನ್‌ಶಿಪ್, ಗೆದ್ದದ್ದು ಆ ಒಂದಾಗಿದ್ದ ದೇಶ. ಅದರ ಫೈನಲ್ ಅಂದ ಕೂಡಲೇ ಎಲ್ಲರಿಗೂ ಪನೆಂಕಾ ಅವರ ಆ ಮೆತ್ತನೆಯ ಪೆನಾಲ್ಟಿ ನೆನಪಾಗುತ್ತದೆ. ಪನೆಂಕಾ ಚೆಕ್. ಆದರೆ ಆವತ್ತು ಆಡಿದವರಲ್ಲಿ ಹೆಚ್ಚಿನವರು ಸ್ಲೊವಾಕರು. ನಾಯಕ ಆಂಟನ್ ಒಂಡ್ರುಶ್ ಸ್ಲೊವಾನ್ ಆಟಗಾರ. ಸ್ಲೊವಾಕರು ಈ ವಿಷಯವನ್ನು ಹೆಮ್ಮೆಯಿಂದ ಹೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಬೇರೆಯಾದ ಮೇಲೆ ಮಾತ್ರ ಸ್ಲೊವಾಕಿಯಾ ಸೊನ್ನೆಯಿಂದ ಶುರು ಮಾಡಬೇಕಾಯಿತು. ಐವತ್ತೈದು ಲಕ್ಷಕ್ಕಿಂತ ಕಡಿಮೆ ಜನ ಇರುವ ದೇಶ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಮೇಲಾಗಿ ಅಲ್ಲಿ ಐಸ್ ಹಾಕಿಯ ಹುಚ್ಚು ಜಾಸ್ತಿ. 2002ರಲ್ಲಿ ಐಸ್ ಹಾಕಿ ವಿಶ್ವ ಚಾಂಪಿಯನ್ ಕೂಡ ಆದರು. ಫುಟ್‌ಬಾಲ್‌ನಲ್ಲಿ ಒಂದು ವಿಶ್ವಕಪ್ ಟಿಕೆಟ್ ಸಿಗಲು 2010ರವರೆಗೆ ಕಾಯಬೇಕಾಯಿತು.

ಜರ್ಮನಿಗೆ ಹೋಗಿದ್ದು ಯಾವಾಗ?

2003ರಲ್ಲಿ. ಸ್ಲೊವಾಕಿಯಾದ ಲೀಗ್ ಚಿಕ್ಕದು, ಹಣವೂ ಕಡಿಮೆ. ಅಲ್ಲಿ ಚೆನ್ನಾಗಿ ಆಡುವ ಹುಡುಗ ಇಪ್ಪತ್ತು ಇಪ್ಪತ್ತೊಂದಕ್ಕೆ ಹೊರಗೆ ಹೋಗುವುದು ಮಾಮೂಲು. ವಿಟ್ಟೆಕ್ ಹೋಗಿದ್ದು ನ್ಯೂರೆಂಬರ್ಗ್‌ಗೆ. ಹಳೆಯ, ಹೆಸರಾಂತ ಕ್ಲಬ್. ಅಭಿಮಾನಿಗಳಿಗೆ ಅದು ಸುಮ್ನೆ 'ಕ್ಲಬ್'. ಅಷ್ಟಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಆಗ ತಂಡ ಎರಡನೇ ದರ್ಜೆಗೆ ಬಿದ್ದಿತ್ತು. ಅದೇ ಬೇಸಿಗೆಯಲ್ಲಿ ಇನ್ನೊಬ್ಬ ಸ್ಲೊವಾಕ್ ಕೂಡ ಬಂದರು, ಜಿಲಿನಾ ಕ್ಲಬ್‌ನ ಮಾರೆಕ್ ಮಿಂಟಾಲ್. ಒಂದೇ ವರ್ಷದಲ್ಲಿ ನ್ಯೂರೆಂಬರ್ಗ್ ಎರಡನೇ ದರ್ಜೆ ಗೆದ್ದು ಬುಂಡೆಸ್‌ಲೀಗಾಗೆ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗ್‌ಗೆ, ವಾಪಸಾಯಿತು.

ಮುಂದೆ ಆ ತಂಡದಲ್ಲಿ ಚೆಕ್ ಆಟಗಾರರೂ ಸೇರಿಕೊಂಡರು. ಯಾನ್ ಪೊಲಾಕ್, ತೊಮಾಶ್ ಗಲಾಸೆಕ್, ಗೋಲ್‌ಕೀಪರ್ ಯಾರೊಮಿರ್ ಬ್ಲಾಜೆಕ್. ಚೆಕ್ ಮಾತು ಸ್ಲೊವಾಕರಿಗೆ, ಸ್ಲೊವಾಕ್ ಮಾತು ಚೆಕ್ಕರಿಗೆ ಸಲೀಸಾಗಿ ಅರ್ಥವಾಗುತ್ತದೆ. ಪರದೇಶದಲ್ಲಿ ಡ್ರೆಸ್ಸಿಂಗ್ ರೂಮಿನಲ್ಲಿ ತನ್ನ ಮಾತು ಕೇಳಿಸುವುದು ಎಷ್ಟು ದೊಡ್ಡ ಸಮಾಧಾನ ಅನ್ನುವುದು ಊರು ಬಿಟ್ಟು ದುಡಿಯುವವರಿಗೆ ಗೊತ್ತು.

ಮಿಂಟಾಲ್, ವಿಟ್ಟೆಕ್ ಇಬ್ಬರಲ್ಲಿ ಯಾರು ದೊಡ್ಡ ಆಟಗಾರ?

ನ್ಯೂರೆಂಬರ್ಗ್‌ನಲ್ಲಿ ಕೇಳಿದರೆ ಮಿಂಟಾಲ್ ಅನ್ನುತ್ತಾರೆ. ನ್ಯಾಯವೇ. ಮಿಂಟಾಲ್ ಹೆಸರಿಗೆ ಮಿಡ್‌ಫೀಲ್ಡರ್. ಆದರೂ 2004-05ರಲ್ಲಿ 24 ಗೋಲು ಹೊಡೆದು ಇಡೀ ಬುಂಡೆಸ್‌ಲೀಗಾದಲ್ಲೇ ಮೊದಲಿಗರಾದರು. ಎಲ್ಲಿಂದ ಬಂದು ಗೋಲು ಹೊಡೆದರು ಅಂತ ಎದುರಾಳಿಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಅವರನ್ನು 'ಮಾಯಾವಿ' ಅಂತ ಕರೆದರು.

ಆ ವರ್ಷ ವಿಟ್ಟೆಕ್ ಇದ್ದದ್ದು ಮಿಂಟಾಲ್ ನೆರಳಲ್ಲಿ. ನೆರಳಿನಿಂದ ಹೊರಗೆ ಬಂದದ್ದು ಮುಂದಿನ ವರ್ಷ.

2005-06ರ ಆ ಸೀಸನ್ ಬಗ್ಗೆ ಎಲ್ಲರೂ ಯಾಕೆ ಮಾತಾಡುತ್ತಾರೆ?

ಯಾಕಂದರೆ ಅಲ್ಲಿ ವಿಟ್ಟೆಕ್ ತಾನೇನು ಅನ್ನುವುದನ್ನು ತೋರಿಸಿದರು. ಮಿಂಟಾಲ್ ಕಾಲಿನ ಮೂಳೆ ಮುರಿದುಕೊಂಡು ಬಹುಕಾಲ ಹೊರಗೆ ಕೂತರು. 24 ಗೋಲು ಹೊಡೆದ ಆಟಗಾರ ಇಲ್ಲ ಅಂದರೆ ತಂಡದ ಗತಿ ಏನಾಗಬೇಕು? ಆದದ್ದೂ ಹಾಗೇ. ನವೆಂಬರ್ ಹೊತ್ತಿಗೆ ನ್ಯೂರೆಂಬರ್ಗ್ ಪಟ್ಟಿಯ ತಳದಲ್ಲಿತ್ತು. ಕೋಚ್ ವೋಲ್ಫ್‌ಗಾಂಗ್ ವೋಲ್ಫ್ ಕೆಲಸ ಕಳೆದುಕೊಂಡರು. ಹಾನ್ಸ್ ಮೇಯರ್ ಬಂದರು. ಅರವತ್ತು ದಾಟಿದ, ಪೂರ್ವ ಜರ್ಮನಿಯ ಕಾಲದಿಂದಲೂ ತಂಡಗಳನ್ನು ತಿದ್ದಿದ ಹಿರಿಯ.

ಆಮೇಲೆ ತಂಡ ಎದ್ದು ನಿಂತಿತು. ಆ ಸೀಸನ್ನಿನಲ್ಲಿ ವಿಟ್ಟೆಕ್ ಬುಂಡೆಸ್‌ಲೀಗಾದಲ್ಲಿ 16 ಗೋಲು ಹೊಡೆದರು. ಕೆಳಗೆ ಬೀಳಬೇಕಾಗಿದ್ದ ತಂಡ ಎಂಟನೇ ಸ್ಥಾನದಲ್ಲಿ ಮುಗಿಸಿತು. ಆ ವರ್ಷ ಬುಂಡೆಸ್‌ಲೀಗಾದಲ್ಲಿ ಆಡುತ್ತಿದ್ದ ಸ್ಟ್ರೈಕರ್‌ಗಳು ಯಾರು ನೋಡಿ: ಕ್ಲೋಸಾ, ಬರ್ಬಟೊವ್, ಮಕ್ಕಾಯ್. ಅಂಥವರ ನಡುವೆ, ದೊಡ್ಡ ತಂಡದ ಬೆಂಬಲ ಇಲ್ಲದೆ ಹೊಡೆದ 16 ಅದು. 2010ರಲ್ಲಿ ಏನಾಯಿತೋ ಅದು ಅದೃಷ್ಟ ಅನ್ನುವವರಿಗೆ ನಾನು ಮೊದಲು ಈ ಸೀಸನ್ ನೋಡಿ ಅನ್ನುತ್ತೇನೆ.

ಅವರು ಜರ್ಮನ್ ಕಪ್ ಗೆದ್ದಿದ್ದಾರಾ?

ಅವರಿದ್ದಾಗಲೇ ಕ್ಲಬ್ ಗೆದ್ದಿತು. 2007ರ ಮೇ 26ರಂದು ಬರ್ಲಿನ್‌ನಲ್ಲಿ ಫೈನಲ್. ಎದುರಾಳಿ ಸ್ಟುಟ್‌ಗಾರ್ಟ್, ಆಗಷ್ಟೇ ಲೀಗ್ ಗೆದ್ದ ತಂಡ. ಹೆಚ್ಚುವರಿ ಸಮಯದಲ್ಲಿ ಯಾನ್ ಕ್ರಿಶ್ಚಿಯನ್ಸನ್ ದೂರದಿಂದ ಬಾರಿಸಿದ ಗೋಲಿನಿಂದ ನ್ಯೂರೆಂಬರ್ಗ್ 3-2ರಿಂದ ಗೆದ್ದಿತು. 1968ರಲ್ಲಿ ಬುಂಡೆಸ್‌ಲೀಗಾ ಗೆದ್ದ ಮೇಲೆ ಆ ಕ್ಲಬ್‌ಗೆ ಸಿಕ್ಕ ಮೊದಲ ದೊಡ್ಡ ಟ್ರೋಫಿ ಅದು. 39 ವರ್ಷ!

ಆದರೆ 1968ರಲ್ಲಿ ಚಾಂಪಿಯನ್ ಆದ ನ್ಯೂರೆಂಬರ್ಗ್ 1969ರಲ್ಲಿ ಕೆಳದರ್ಜೆಗೆ ಬಿದ್ದಿತ್ತು. 2007ರಲ್ಲಿ ಕಪ್ ಗೆದ್ದ ತಂಡ 2008ರಲ್ಲಿ ಮತ್ತೆ ಬಿದ್ದಿತು. 18 ತಂಡಗಳಲ್ಲಿ 16ನೇ ಸ್ಥಾನ. ಐದು ವರ್ಷ ಒಂದೇ ಅಂಗಿ ತೊಟ್ಟಿದ್ದ ವಿಟ್ಟೆಕ್ ಆಗ ಹೊರಟರು.

ಲೀಲ್‌ನಲ್ಲಿ ಯಾಕೆ ಸರಿ ಹೋಗಲಿಲ್ಲ?

2008ರಲ್ಲಿ ಫ್ರಾನ್ಸಿಗೆ ಹೋದಾಗ ಅವರಿಗೆ 26 ವರ್ಷ. ಸ್ಟ್ರೈಕರ್‌ಗೆ ಒಳ್ಳೆಯ ವಯಸ್ಸು. ಆದರೆ ಕೋಚ್ ರೂಡಿ ಗಾರ್ಸಿಯಾ ಕಟ್ಟುತ್ತಿದ್ದ ತಂಡಕ್ಕೆ ಬೇಕಾಗಿದ್ದದ್ದು ಬೇರೆ. ಓಡಾಟ ಜಾಸ್ತಿ, ಪಕ್ಕಗಳಿಂದ ಒಳಕ್ಕೆ ನುಗ್ಗುವವರು ಜಾಸ್ತಿ. ಎಡೆನ್ ಹಝಾರ್ಡ್ ಆಗಿನ್ನೂ ಹುಡುಗ, ದಿನದಿನಕ್ಕೂ ಬೆಳೆಯುತ್ತಿದ್ದ. 2009ರಲ್ಲಿ ಜೆರ್ವಿನ್ಯೊ ಬಂದರು. ವಿಟ್ಟೆಕ್ ಪೆನಾಲ್ಟಿ ಬಾಕ್ಸ್‌ನ, ಅಂದರೆ ಗೋಲಿನ ಮುಂದಿನ ಚೌಕದ, ಆಟಗಾರ. ಚೆಂಡು ಅಲ್ಲಿಗೆ ಬರಬೇಕು, ಅವರು ಕಾಯುತ್ತಾರೆ, ಬಂದರೆ ಬಿಡುವುದಿಲ್ಲ. ಲೀಲ್‌ನ ಆಟ ಹಾಗಿರಲಿಲ್ಲ. ನನ್ನ ಪ್ರಕಾರ ಇದು ಯಾರ ತಪ್ಪೂ ಅಲ್ಲ. ಬೀಗ ಚೆನ್ನಾಗಿದೆ, ಕೀಲಿಯೂ ಚೆನ್ನಾಗಿದೆ, ಒಂದಕ್ಕೊಂದು ಹೊಂದಲಿಲ್ಲ.

2010ರ ಜನವರಿಯಲ್ಲಿ ಅವರು ಟರ್ಕಿಯ ಅಂಕಾರಾಗುಜುಗೆ ಎರವಲು ಆಟಗಾರನಾಗಿ ಹೋದರು. ಇದನ್ನು ನೆನಪಿಟ್ಟುಕೊಳ್ಳಿ. ವಿಶ್ವಕಪ್‌ಗೆ ಐದೇ ತಿಂಗಳಿತ್ತು. ಬೆಂಚಿನ ಮೇಲೆ ಕೂತವನು ಪಂದ್ಯದ ಲಯ ಕಳೆದುಕೊಳ್ಳುತ್ತಾನೆ. ಲೀಲ್‌ನ ಹೆಸರಿಗಿಂತ ಮೈದಾನದ ನಿಮಿಷಗಳು ಮುಖ್ಯ ಅಂತ ಹೋದ ನಿರ್ಧಾರ ಅದು. ಅವರ ಬದುಕಿನ ಅತ್ಯಂತ ಒಳ್ಳೆಯ ನಿರ್ಧಾರ ಅಂತ ನಾನು ನಂಬಿದ್ದೇನೆ.

ಸ್ಲೊವಾಕಿಯಾ ವಿಶ್ವಕಪ್‌ಗೆ ಹೇಗೆ ಬಂತು?

2006ರ ವಿಶ್ವಕಪ್‌ಗೂ ಹತ್ತಿರ ಬಂದಿದ್ದರು. ಗುಂಪಿನಲ್ಲಿ ಪೋರ್ಚುಗಲ್ ಹಿಂದೆ, ರಷ್ಯಾಕ್ಕಿಂತ ಮುಂದೆ. ಪ್ಲೇಆಫ್‌ನಲ್ಲಿ, ಅಂದರೆ ಟಿಕೆಟ್‌ಗಾಗಿ ಆಡುವ ಕೊನೆಯ ಎರಡು ಪಂದ್ಯಗಳಲ್ಲಿ, ಸ್ಪೇನ್ ಎದುರಾಯಿತು. ಮ್ಯಾಡ್ರಿಡ್‌ನಲ್ಲಿ 5-1 ಸೋಲು, ಬ್ರಾಟಿಸ್ಲಾವಾದಲ್ಲಿ 1-1. ಅಲ್ಲಿಗೆ ಮುಗಿಯಿತು.

ಮುಂದಿನ ಸಲ ಕೋಚ್ ವ್ಲಾಡಿಮೀರ್ ವೈಸ್. ಗುಂಪಿನಲ್ಲಿ ಚೆಕ್ ಗಣರಾಜ್ಯ, ಪೋಲೆಂಡ್, ಸ್ಲೊವೇನಿಯಾ, ಉತ್ತರ ಐರ್ಲೆಂಡ್, ಸ್ಯಾನ್ ಮರಿನೊ. ಹಳೆಯ ಅಣ್ಣನಂತಿದ್ದ ಚೆಕ್ಕರೂ ಅಲ್ಲೇ ಇದ್ದರು ನೋಡಿ. ಕೊನೆಯ ಪಂದ್ಯ 2009ರ ಅಕ್ಟೋಬರ್ 14ರಂದು ಪೋಲೆಂಡಿನ ಖೊಝೂವ್‌ನಲ್ಲಿ. ಮೈದಾನದ ತುಂಬ ಹಿಮ. ಪೋಲೆಂಡ್ ಡಿಫೆಂಡರ್ ತನ್ನದೇ ಗೋಲಿಗೆ ಚೆಂಡು ಹಾಕಿಬಿಟ್ಟ. 1-0. ಆ ಒಂದು ಗೋಲು ಸ್ಲೊವಾಕಿಯಾವನ್ನು ಗುಂಪಿನ ಮೊದಲ ಸ್ಥಾನದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಕಳಿಸಿತು. ಆ ಅಭಿಯಾನದಲ್ಲಿ ಜಾಸ್ತಿ ಗೋಲು ಹೊಡೆದವರು ಸ್ತಾನಿಸ್ಲಾವ್ ಶೆಸ್ತಾಕ್. ಹಾಗಾಗಿ ವಿಶ್ವಕಪ್‌ಗೆ ಮೊದಲು ಜನರ ಬಾಯಲ್ಲಿ ಇದ್ದ ಹೆಸರು ಶೆಸ್ತಾಕ್, ಮಿಡ್‌ಫೀಲ್ಡರ್ ಹಮ್ಶಿಕ್, ಡಿಫೆಂಡರ್ ಶ್ಕರ್ಟೆಲ್. ವಿಟ್ಟೆಕ್ ಅಲ್ಲ.

ವಿಶ್ವಕಪ್‌ನಲ್ಲಿ ಅವರ ಮೊದಲ ಗೋಲು ಯಾವುದು?

2010ರ ಜೂನ್ 15, ರುಸ್ಟೆನ್‌ಬರ್ಗ್, ಎದುರಾಳಿ ನ್ಯೂಜಿಲೆಂಡ್. ನಮ್ಮಲ್ಲಿ ಸಂಜೆ ಐದು ಗಂಟೆ. ಇಡೀ ಮೈದಾನದಲ್ಲಿ ವುವುಜೆಲಾ ತುತ್ತೂರಿಗಳ ಸದ್ದು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. 50ನೇ ನಿಮಿಷದಲ್ಲಿ ಶೆಸ್ತಾಕ್ ಬಲಗಡೆಯಿಂದ ಚೆಂಡು ತೂರಿದರು. ವಿಟ್ಟೆಕ್ ತಲೆ ಕೊಟ್ಟರು. ಗೋಲು. ಸ್ವತಂತ್ರ ಸ್ಲೊವಾಕಿಯಾದ ಮೊಟ್ಟಮೊದಲ ವಿಶ್ವಕಪ್ ಗೋಲು ಅದು.

ಆದರೆ ಗೆಲುವು ಸಿಗಲಿಲ್ಲ. ಇಂಜುರಿ ಟೈಮ್‌ನಲ್ಲಿ ವಿನ್‌ಸ್ಟನ್ ರೀಡ್ ಹೆಡರ್ ಹೊಡೆದರು. 1-1. ನ್ಯೂಜಿಲೆಂಡ್‌ಗೆ ಅದು ವಿಶ್ವಕಪ್ ಇತಿಹಾಸದ ಮೊದಲ ಅಂಕ. ಐದು ದಿನ ಬಿಟ್ಟು ಪರಾಗ್ವೆ ಎದುರು 0-2 ಸೋಲು. ಆ ಪಂದ್ಯದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಇಟಲಿ ವಿರುದ್ಧದ ಪಂದ್ಯದಲ್ಲಿ ನಿಜವಾಗಿ ಏನಾಯಿತು?

ಜೂನ್ 24, ಗುರುವಾರ. ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್. ನಮ್ಮ ಗಡಿಯಾರದಲ್ಲಿ ರಾತ್ರಿ ಏಳೂವರೆ. ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ಪರಾಗ್ವೆ, ನ್ಯೂಜಿಲೆಂಡ್ ಆಡುತ್ತಿದ್ದವು. ನಾನು ಇಟಲಿ ಪಂದ್ಯ ಹಾಕಿಕೊಂಡು ಕೂತಿದ್ದು ಇಟಲಿಗಾಗಿ. ಒಪ್ಪಿಕೊಳ್ಳುತ್ತೇನೆ. 2006ರ ಚಾಂಪಿಯನ್ ತಂಡ. ಕೋಚ್ ಲಿಪ್ಪಿ, ನಾಯಕ ಕನವಾರೊ. ಡ್ರಾ ಆದರೂ ಮುಂದಿನ ಸುತ್ತಿಗೆ ಹೋಗುವ ದಾರಿ ಅವರಿಗಿತ್ತು.

25ನೇ ನಿಮಿಷ. ಇಟಲಿಯ ಡಿ ರೋಸ್ಸಿ ತನ್ನ ಅರ್ಧದಲ್ಲೇ ಚೆಂಡನ್ನು ತಪ್ಪು ಕಡೆಗೆ ಕೊಟ್ಟರು. ಸ್ಲೊವಾಕಿಯಾದ ಕುಟ್ಸ್ಕಾ ಕಸಿದುಕೊಂಡು ಒಂದೇ ತಟ್ಟಿಗೆ ವಿಟ್ಟೆಕ್‌ಗೆ ದಾಟಿಸಿದರು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವಿಟ್ಟೆಕ್ ಚೆಂಡನ್ನು ಹಿಡಿದು ಆಟ ತೋರಿಸಲಿಲ್ಲ. ಬಾಕ್ಸ್ ಅಂಚಿನಲ್ಲಿ ಜಾಗ ಕಂಡಿತು, ನೆಲಕ್ಕೆ ಅಂಟಿದ ಹಾಗೆ ಮೂಲೆಗೆ ಹೊಡೆದರು. ಗೋಲ್‌ಕೀಪರ್ ಮಾರ್ಕೆಟ್ಟಿ ಜಿಗಿಯುವ ಹೊತ್ತಿಗೆ ಚೆಂಡು ಬಲೆಯಲ್ಲಿತ್ತು.

ಎರಡನೇ ಅರ್ಧದಲ್ಲಿ ಇಟಲಿ ಮೈಮೇಲೆ ಬಿದ್ದಿತು. ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಪಿರ್ಲೊ ಕೂಡ ಮೈದಾನಕ್ಕಿಳಿದರು. ಕ್ವಾಲ್ಯಾರೆಲ್ಲಾ ಹೊಡೆದ ಒಂದು ಚೆಂಡನ್ನು ಗೋಲು ಗೆರೆಯ ಮೇಲೆ ಶ್ಕರ್ಟೆಲ್ ಕಾಲಿನಿಂದ ತಡೆದರು. ಗೆರೆ ದಾಟಿತ್ತಾ ಇಲ್ವಾ ಅನ್ನುವ ವಾದ ಇಂದಿಗೂ ಇದೆ. ಗೋಲ್‌ಲೈನ್ ತಂತ್ರಜ್ಞಾನ ಆಗಿನ್ನೂ ವಿಶ್ವಕಪ್‌ಗೆ ಬಂದಿರಲಿಲ್ಲ.

73ನೇ ನಿಮಿಷ. ಕಾರ್ನರ್ ಒಂದನ್ನು ಇಟಲಿ ಹೊರಗೆ ತಳ್ಳಿತು. ಚೆಂಡು ಮತ್ತೆ ಹಮ್ಶಿಕ್ ಕಾಲಿಗೇ ಬಂತು. ಅವರು ಕೆಳಮಟ್ಟದಲ್ಲಿ ಹತ್ತಿರದ ಕಂಬದ ಕಡೆ ಹಾಕಿದರು. ಅಲ್ಲಿದ್ದದ್ದು ಕಿಯೆಲ್ಲಿನಿ. ಪ್ರಪಂಚದ ಗಟ್ಟಿ ಡಿಫೆಂಡರ್‌ಗಳಲ್ಲಿ ಒಬ್ಬರು. ವಿಟ್ಟೆಕ್ ಕಿಯೆಲ್ಲಿನಿಯ ಬೆನ್ನ ಹಿಂದಿನಿಂದ ಒಂದು ಹೆಜ್ಜೆ, ಒಂದೇ ಹೆಜ್ಜೆ, ಮುಂದೆ ಸರಿದರು. ಕಾಲು ತಾಗಿಸಿದರು. 2-0.

ಆಮೇಲಿನ ಇಪ್ಪತ್ತು ನಿಮಿಷ ಯಾರೂ ಕೂತಲ್ಲಿ ಕೂರುವ ಹಾಗಿರಲಿಲ್ಲ. 81ರಲ್ಲಿ ಡಿ ನತಾಲೆ ಒಂದು ಹೊಡೆದರು. ಚೆಂಡನ್ನು ಬೇಗ ನಡುಗೆರೆಗೆ ತರಬೇಕು ಅಂತ ಕ್ವಾಲ್ಯಾರೆಲ್ಲಾ ಬಲೆಯೊಳಗೆ ಕೈ ಹಾಕಿದರೆ, ಸ್ಲೊವಾಕ್ ಕೀಪರ್ ಮುಖಾ ಬಿಡಲಿಲ್ಲ. ಅಲ್ಲೇ ತಳ್ಳಾಟ. ಸ್ವಲ್ಪ ಹೊತ್ತಿಗೆ ಕ್ವಾಲ್ಯಾರೆಲ್ಲಾ ಹೊಡೆದ ಗೋಲು ಆಫ್‌ಸೈಡ್ ಅಂತ ರದ್ದಾಯಿತು. 87ರಲ್ಲಿ ಕಾಮಿಲ್ ಕೊಪುನೆಕ್ ಬದಲಿ ಆಟಗಾರನಾಗಿ ಬಂದರು. 89ರಲ್ಲಿ ಪೆಕಾರಿಕ್ ಎಸೆದ ಉದ್ದದ ಥ್ರೋ ನೇರ ಅವರಿಗೇ ಬಂತು. ಕೀಪರ್ ತಲೆ ಮೇಲಿಂದ ಎತ್ತಿ ಹಾಕಿದರು. 3-1! ಇಂಜುರಿ ಟೈಮ್‌ನಲ್ಲಿ ಕ್ವಾಲ್ಯಾರೆಲ್ಲಾ ದೂರದಿಂದ ಬಾರಿಸಿದ ಚೆಂಡು ಕಮಾನಿನಂತೆ ಬಾಗಿ ಒಳಗೆ ಬಿತ್ತು. ಆ ವಿಶ್ವಕಪ್‌ನ ಚೆಂದದ ಗೋಲುಗಳಲ್ಲಿ ಒಂದು. 3-2. ಅಷ್ಟೇ ಹೊತ್ತಿಗೆ ವಿಟ್ಟೆಕ್ ಹೊರಗೆ ನಡೆದರು, ಶೆಸ್ತಾಕ್ ಒಳಗೆ ಬಂದರು. ಕೊನೆಯ ಕ್ಷಣದಲ್ಲಿ ಪೆಪೆಗೆ ಒಂದು ಅವಕಾಶ ಸಿಕ್ಕಿತು, ಹೊರಗೆ ಹೋಯಿತು.

ಸೀಟಿ. ಇಟಲಿ ಗುಂಪಿನಲ್ಲಿ ಕೊನೆಯ ಸ್ಥಾನ. ಒಂದೂ ಗೆಲುವಿಲ್ಲ. ಇಟಲಿಗಾಗಿ ಟಿ.ವಿ. ಹಾಕಿದ ನಾನು ಆ ರಾತ್ರಿ ಸ್ಲೊವಾಕಿಯಾ ಎಲ್ಲಿದೆ ಅಂತ ಭೂಪಟ ತೆಗೆದು ನೋಡಿದೆ.

ನಾಕೌಟ್‌ನಲ್ಲಿ ಏನಾಯಿತು?

ಜೂನ್ 28, ಡರ್ಬನ್, ನೆದರ್ಲೆಂಡ್ಸ್. 18ನೇ ನಿಮಿಷದಲ್ಲಿ ರಾಬೆನ್ ತಮ್ಮ ಎಂದಿನ ದಾರಿಯಲ್ಲೇ, ಬಲದಿಂದ ಒಳಕ್ಕೆ ಕತ್ತರಿಸಿ ಎಡಗಾಲಲ್ಲಿ ಹೊಡೆದರು. ಎರಡನೇ ಅರ್ಧದಲ್ಲಿ ಸಮ ಮಾಡುವ ಅವಕಾಶ ವಿಟ್ಟೆಕ್‌ಗೆ ಸಿಕ್ಕಿತ್ತು. ಕೀಪರ್ ಸ್ಟೆಕೆಲೆನ್‌ಬರ್ಗ್ ಎದುರು ಒಬ್ಬರೇ. ಹೊಡೆದರು, ಕೀಪರ್ ತಡೆದರು. ಅದು ಗೋಲಾಗಿದ್ದರೆ? ಹದಿನೈದು ವರ್ಷದಿಂದ ಸ್ಲೊವಾಕರು ಕೇಳಿಕೊಳ್ಳುತ್ತಿರುವ ಪ್ರಶ್ನೆ ಅದು ಅಂತ ನನ್ನ ಊಹೆ. 84ರಲ್ಲಿ ಸ್ನೈಡರ್ ಎರಡನೆಯದು ಹಾಕಿದರು.

94ನೇ ನಿಮಿಷದಲ್ಲಿ ಯಾಕುಬ್ಕೊ ಅವರನ್ನು ಕೀಪರ್ ಬೀಳಿಸಿದರು. ಪೆನಾಲ್ಟಿ. ವಿಟ್ಟೆಕ್ ಹೊಡೆದರು. 2-1. ಅದೇ ಪಂದ್ಯದ ಕೊನೆಯ ಒದೆತ. ನೆದರ್ಲೆಂಡ್ಸ್ ಮುಂದೆ ಫೈನಲ್‌ವರೆಗೂ ಹೋಯಿತು.

ಅವರಿಗೆ ಗೋಲ್ಡನ್ ಬೂಟ್ ಸಿಗಬೇಕಾಗಿತ್ತು ಅನ್ನುವುದು ನಿಜವಾ?

ಟೂರ್ನಿಯಲ್ಲಿ ಗೋಲು ಹೊಡೆಯುವುದರಲ್ಲಿ ಮೊದಲಿಗರಾದವರಿಗೆ ಕೊಡುವ ಬಹುಮಾನ ಅದು. ಸಿಗಬೇಕಾಗಿತ್ತು ಅಂತ ನಾನು ಹೇಳುವುದಿಲ್ಲ. ಮುಲ್ಲರ್, ವಿಯ್ಯಾ, ಸ್ನೈಡರ್, ಫೋರ್ಲಾನ್ ತಲಾ 5 ಹೊಡೆದಿದ್ದರು. ಬೂಟ್ ಮುಲ್ಲರ್‌ಗೆ ಹೋಯಿತು. 4 ಗೋಲಿನ ಸಾಲಿನಲ್ಲಿ ಕ್ಲೋಸಾ, ಇಗ್ವಾಯಿನ್, ಅವರ ಜೊತೆ ವಿಟ್ಟೆಕ್. ಆದರೆ ಒಂದು ಲೆಕ್ಕ ಹಾಕಿ. 5 ಗೋಲು ಹೊಡೆದ ಆ ನಾಲ್ವರ ತಂಡಗಳೂ ಸೆಮಿಫೈನಲ್ ತನಕ ಹೋಗಿದ್ದವು. ವಿಟ್ಟೆಕ್ ಆಡಿದ್ದು ನಾಲ್ಕೇ ಪಂದ್ಯ. ಇಡೀ ಟೂರ್ನಿಯಲ್ಲಿ ಸ್ಲೊವಾಕಿಯಾ ಹೊಡೆದದ್ದು ಐದು ಗೋಲು. ಅದರಲ್ಲಿ ನಾಲ್ಕು ಇವರದು.

ಅಷ್ಟು ಚೆನ್ನಾಗಿ ಆಡಿದ ಮೇಲೂ ದೊಡ್ಡ ಕ್ಲಬ್‌ಗಳು ಯಾಕೆ ಕರೆಯಲಿಲ್ಲ?

ಇದು ನನಗೂ ನೋವಿನ ವಿಷಯ. ಆದರೆ ಕಾರಣ ಅರ್ಥವಾಗುತ್ತದೆ. ಅವರಿಗೆ ಆಗಲೇ 28. ಹಿಂದಿನ ಎರಡು ವರ್ಷ ಲೀಲ್‌ನಲ್ಲಿ ಲೆಕ್ಕ ಚೆನ್ನಾಗಿರಲಿಲ್ಲ. ಕ್ಲಬ್‌ಗಳು ಎರಡು ವಾರದ ಆಟಕ್ಕಿಂತ ಎರಡು ವರ್ಷದ ಆಟ ನೋಡಿ ಹಣ ಹಾಕುತ್ತವೆ. ಜೊತೆಗೆ 2010ರ ಹೊತ್ತಿಗೆ ಫುಟ್‌ಬಾಲ್ ಬದಲಾಗುತ್ತಿತ್ತು. ಬಾಕ್ಸ್‌ನಲ್ಲಿ ಕಾಯುವ ಸ್ಟ್ರೈಕರ್‌ಗಿಂತ ಇಡೀ ಮೈದಾನ ಓಡುವವನಿಗೆ ಬೇಡಿಕೆ ಹೆಚ್ಚಿತ್ತು.

ವಿಟ್ಟೆಕ್ ಅಂಕಾರಾಗುಜುನಲ್ಲೇ ಉಳಿದರು. ಈ ಸಲ ಎರವಲಲ್ಲ, ಪಕ್ಕಾ ಆಟಗಾರನಾಗಿ. ಕಷ್ಟದಲ್ಲಿದ್ದಾಗ ಆಡಲು ಜಾಗ ಕೊಟ್ಟ ಕ್ಲಬ್ ಅದು.

ಟ್ರಾಬ್ಜಾನ್‌ನಲ್ಲಿ?

2011ರಲ್ಲಿ ಹೋದರು. ಕಪ್ಪು ಸಮುದ್ರದ ದಂಡೆಯ ಊರು, ಫುಟ್‌ಬಾಲ್ ಅಂದರೆ ಪ್ರಾಣ. ಆ ವರ್ಷ ಟ್ರಾಬ್ಜಾನ್‌ಸ್ಪೋರ್ ಚಾಂಪಿಯನ್ಸ್ ಲೀಗ್‌ನಲ್ಲಿತ್ತು. ಅವರ ಗುಂಪಿನಲ್ಲಿ ಇಂಟರ್ ಮಿಲಾನ್, ಸಿ.ಎಸ್.ಕೆ.ಎ. ಮಾಸ್ಕೋ, ಮತ್ತು ವಿಟ್ಟೆಕ್ ಬಿಟ್ಟುಬಂದ ಅದೇ ಲೀಲ್. ಅವರು ಬಿಟ್ಟ ಮೇಲೆ ಲೀಲ್ ಫ್ರಾನ್ಸಿನ ಲೀಗ್, ಕಪ್ ಎರಡನ್ನೂ ಗೆದ್ದಿತ್ತು. ಆದರೆ ಟ್ರಾಬ್ಜಾನ್‌ನ ದಿನಗಳನ್ನು ಗಾಯ ತಿಂದುಹಾಕಿತು. ಅಂದುಕೊಂಡಷ್ಟು ಆಡಲಾಗಲಿಲ್ಲ.

ಆಮೇಲೆ?

ಊರಿಗೆ ವಾಪಸ್. ಸ್ಲೊವಾನ್ ಅಂಗಿ ಮತ್ತೆ ತೊಟ್ಟರು. ನಡುವೆ ಡೆಬ್ರೆಟ್ಸೆನ್‌ಗೆ ಹೋಗಿ ಬಂದರು. ಊರಿನ ಹುಡುಗ ದೇಶ ಸುತ್ತಿ ಬಂದು ಅದೇ ತಿಳಿನೀಲಿಯಲ್ಲಿ ಆಡುವುದನ್ನು ನೋಡುವುದರಲ್ಲಿ ಒಂದು ಸುಖ ಇದೆ. ಗೋಲಿನ ಲೆಕ್ಕ ಆಗ ಮುಖ್ಯವಲ್ಲ.

ಅವರು 2016ರ ಯೂರೋ ಆಡಿದರಾ?

ಇಲ್ಲ. ಸ್ಲೊವಾಕಿಯಾದ ಮೊದಲ ಯೂರೋ ಅದು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಶೆಸ್ತಾಕ್ ಹೋದರು.

ದೇಶದ ಪರವಾಗಿ ಅತಿ ಹೆಚ್ಚು ಗೋಲು ಅವರದ್ದೇನಾ?

ಬಹಳ ವರ್ಷ ಅವರದ್ದೇ. ಅವರಿಗಿಂತ ಮೊದಲು ಸಿಲಾರ್ಡ್ ನೇಮೆತ್ 22 ಗೋಲು ಹೊಡೆದಿದ್ದರು. ಇಂಗ್ಲೆಂಡಿನ ಮಿಡಲ್ಸ್‌ಬ್ರೋಗೆ ಆಡಿದ ನೇಮೆತ್. ವಿಟ್ಟೆಕ್ 23ಕ್ಕೆ ಮುಟ್ಟಿದರು. ಆಮೇಲೆ ಹಮ್ಶಿಕ್ 26 ಹೊಡೆದು ಮುಂದೆ ಹೋದರು. ಹಮ್ಶಿಕ್ ಮಿಡ್‌ಫೀಲ್ಡರ್, 138 ಪಂದ್ಯ ಆಡಿದವರು. ಸ್ಟ್ರೈಕರ್‌ಗಳ ಲೆಕ್ಕದಲ್ಲಿ ಹೇಳುವುದಾದರೆ ನೇಮೆತ್ ಮತ್ತು ವಿಟ್ಟೆಕ್ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಪಂದ್ಯಕ್ಕೆ ಇಷ್ಟು ಗೋಲು ಅಂತ ಭಾಗಿಸಿದರೆ ನೇಮೆತ್ ಮುಂದೆ. ಆದರೆ ವಿಶ್ವಕಪ್ ನೇಮೆತ್‌ಗೆ ಸಿಗಲಿಲ್ಲ.

ಇಂದಿನ ಸ್ಲೊವಾಕ್ ಸ್ಟ್ರೈಕರ್‌ಗಳಲ್ಲಿ ಯಾರನ್ನು ನೋಡಬೇಕು?

ಇವಾನ್ ಶ್ರಾಂಟ್ಸ್. ಇವರೂ ಬ್ರಾಟಿಸ್ಲಾವಾದವರೇ. 2024ರ ಯೂರೋದಲ್ಲಿ ಬೆಲ್ಜಿಯಂ ಎದುರು 7ನೇ ನಿಮಿಷದಲ್ಲೇ ಹೊಡೆದರು, ಸ್ಲೊವಾಕಿಯಾ 1-0ರಿಂದ ಗೆದ್ದಿತು. ಉಕ್ರೇನ್ ಎದುರು ಒಂದು. ನಾಕೌಟ್‌ನಲ್ಲಿ ಇಂಗ್ಲೆಂಡ್ ಎದುರು ಇನ್ನೊಂದು. 95ನೇ ನಿಮಿಷದವರೆಗೂ ಇಂಗ್ಲೆಂಡ್ ಸೋಲುತ್ತಿತ್ತು. ಆಗ ಬೆಲ್ಲಿಂಗ್‌ಹ್ಯಾಮ್ ಗಾಳಿಯಲ್ಲಿ ಮಗುಚಿ ಒದ್ದರು, ಆಮೇಲೆ ಕೇನ್ ಹೊಡೆದರು. 2-1. ಆ ಯೂರೋದಲ್ಲಿ ಆರು ಜನ ತಲಾ 3 ಗೋಲು ಹೊಡೆದು ಮೊದಲ ಸ್ಥಾನ ಹಂಚಿಕೊಂಡರು. ಕೇನ್, ಮುಸಿಯಾಲಾ ಇದ್ದ ಆ ಸಾಲಿನಲ್ಲಿ ಶ್ರಾಂಟ್ಸ್ ಕೂಡ ಇದ್ದರು. ಅದನ್ನು ಓದಿದ ದಿನ ನನಗೆ ನೆನಪಾಗಿದ್ದು 2010ರ ಪಟ್ಟಿ.

ವಿಟ್ಟೆಕ್ ಆಟ ಗೊತ್ತಾಗಬೇಕಾದರೆ ಒಂದೇ ತುಣುಕು ನೋಡಬೇಕು ಅಂದರೆ ಯಾವುದು?

ಇಟಲಿ ಎದುರಿನ ಎರಡನೇ ಗೋಲು. ಆದರೆ ಚೆಂಡನ್ನು ನೋಡಬೇಡಿ. ಮೊದಲ ಸಲ ಎಲ್ಲರೂ ಹಮ್ಶಿಕ್ ಕಾಲನ್ನೇ ನೋಡುತ್ತಾರೆ. ಎರಡನೇ ಸಲ ಕಿಯೆಲ್ಲಿನಿಯನ್ನು ನೋಡಿ. ಅವರ ಕಣ್ಣು ಚೆಂಡಿನ ಮೇಲಿದೆ. ಮೂರನೇ ಸಲ ಅವರ ಹಿಂದೆ ನಿಂತ ಬಿಳಿ ಅಂಗಿಯನ್ನು ಮಾತ್ರ ನೋಡಿ. ಹಮ್ಶಿಕ್ ಕಾಲು ಎತ್ತುವವರೆಗೂ ಆ ಅಂಗಿ ಅಲುಗುವುದಿಲ್ಲ. ಕಾಲು ಚೆಂಡಿಗೆ ತಾಗುತ್ತದೆ, ಅಂಗಿ ಹೊರಡುತ್ತದೆ. ಕಿಯೆಲ್ಲಿನಿ ತಿರುಗುವಷ್ಟರಲ್ಲಿ ವಿಟ್ಟೆಕ್ ಅವರ ಮುಂದಿರುತ್ತಾರೆ.